ಗಂಗಾವತಿಯಿಂದ ತಂದ ಕರಡಿಗೆ

ನಮ್ಮ ಮನೆಗೆ ಕಳ್ಳ ನುಗ್ಗಿದ್ದು ಹಾಡಹಗಲೇ. ನಾನು ಕುಷ್ಟಗಿಯ ಕಚೇರಿಯಲ್ಲಿದ್ದೆ, ಗಂಡ ಸಿದ್ದಲಿಂಗೇಶ ದಾಳಿಂಬೆ ತೋಟದಲ್ಲಿ. ಅತ್ತೆ ಗುರುಲಿಂಗಮ್ಮ ಕೊರಳಿನ ಬೆಳ್ಳಿ ಕರಡಿಗೆಯನ್ನು ದೇವರ ಜಗುಲಿಯ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದರು. ನನ್ನ ಬಳೆ, ಜುಮಕಿಗಳ ಜೊತೆಗೆ ಕರಡಿಗೆಯೂ ಹೋಯಿತು, ಅದರೊಳಗಿದ್ದ ಅವರ ಇಷ್ಟಲಿಂಗವೂ ಹೋಯಿತು.

ನಾನು ಬಳೆಗಾಗಿ ಕಣ್ಣೀರು ಹಾಕಿದೆ. ಅತ್ತೆ ಅಳಲಿಲ್ಲ, ಊಟ ಬಿಟ್ಟರು. ದಿನಾ ಬೆಳಿಗ್ಗೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಎವೆಯಿಕ್ಕದೆ ನೋಡಿ, ಪೂಜೆ ಮುಗಿಸಿದ ಮೇಲೆಯೇ ಅವರಿಗೆ ಅನ್ನ. ಮಠದ ಸ್ವಾಮಿಗಳು ಹೊಸ ಲಿಂಗ ಕಟ್ಟುತ್ತೇನೆಂದರೂ ಒಪ್ಪಲಿಲ್ಲ.

"ಐವತ್ತ ವರ್ಷ ನನ್ನ ನೋಡೇತಿ ಅದು. ನನಗ ಅದ ಬೇಕು."

ನಾಲ್ಕನೆಯ ದಿನ ಅವರಿಗೆ ಏಳಲೂ ಆಗಲಿಲ್ಲ. ಪೊಲೀಸರು ಹುಡುಕುತ್ತಲೇ ಇದ್ದರು. ಕಾಯುತ್ತ ಕೂತರೆ ಅತ್ತೆ ಉಳಿಯುವುದಿಲ್ಲವೆಂದು ಗಂಗಾವತಿಗೆ ಹೋಗಿ, ಬೆಳ್ಳಿ ಅಂಗಡಿಯೊಂದರಲ್ಲಿ ಅಂಥದೇ ಹಳೆಯ ಕರಡಿಗೆ ಕೊಂಡೆ. ಒಳಗೆ ಲಿಂಗವೂ ಇತ್ತು. ಯಾರದೆಂದು ಕೇಳಲಿಲ್ಲ. ಕೇಳಿದ್ದರೆ ಕೊಳ್ಳಲಾಗುತ್ತಿರಲಿಲ್ಲ.

"ಪೊಲೀಸ್ರಿಗೆ ಸಿಕ್ತು ನೋಡ್ರಿ ಅತ್ತಿ," ಎಂದೆ. ಕಣ್ಣು ಮಂಜಾದ ಅತ್ತೆ ನಂಬಿದರು, ಪೂಜೆ ಮಾಡಿ ಉಂಡರು. ನನಗೆ ಹೋದ ಜೀವ ಬಂದಂತಾಯಿತು.

ಮರುದಿನ ಪೂಜೆಯಿಂದ ಎದ್ದವರೇ, "ಇದರಾಗ ಯಾರೋ ಗಂಡಸು ಕುಂತಾನ. ಭಾಳ ಹಸದಾನ," ಎಂದರು.

ನಾನು ನಕ್ಕುಬಿಟ್ಟೆ. "ಹಸಿವಿ ಆಗಿದ್ದು ನಿಮಗ. ಉಣ್ರಿ."

ಎರಡು ರೊಟ್ಟಿ ಉಣ್ಣುತ್ತಿದ್ದವರು ಐದು ತಿನ್ನತೊಡಗಿದರು. ಆದರೂ ಸೊರಗಿದರು, ಕುಪ್ಪಸದ ತೋಳು ಜೋತಾಡಿತು. ತುತ್ತುತುತ್ತಿಗೂ ಎಡ ಅಂಗೈ ನೋಡಿಕೊಂಡು, "ನೀನೂ ಉಣ್ಣಪಾ," ಎನ್ನುತ್ತಿದ್ದರು. ನನಗೆ ಒಳಗೊಳಗೇ ಹೆದರಿಕೆ. ಆದರೂ ಬಾಯಿ ಬಿಡಲಿಲ್ಲ.

ಲಿಂಗ ತಂದ ಒಂಬತ್ತನೆಯ ದಿನ, ಅಂಗೈ ನೋಡುತ್ತ ಕೂತವರು ಥಟ್ಟನೆ ಎದ್ದರು. "ಬೇವೂರಿಗೆ ನಡಿ. ನೀರ ಸೈತ ಬ್ಯಾಡ ಅನ್ನಾಕತ್ತಾನ."

ಅತ್ತೆ ಹುಟ್ಟಿದಾರಭ್ಯ ಬೇವೂರು ಕಂಡವರಲ್ಲ. ಬಸ್ಸಿಳಿದು ಯಾರನ್ನೂ ದಾರಿ ಕೇಳದೆ ನನ್ನ ಮುಂದೆ ಮುಂದೆ ನಡೆದರು. ಒಂದು ಮನೆಯ ಮುಂದೆ ಜನ ಸೇರಿದ್ದರು. ಪಡಸಾಲೆಯಲ್ಲಿ ಒಬ್ಬ ಅಜ್ಜನ ಶವವನ್ನು ಗೋಡೆಗೊರಗಿಸಿ ಕೂಡಿಸಿದ್ದರು.

"ಅಪ್ಪನ ಲಿಂಗ ಕಳುವಾಗಿ ಹದಿನೈದ ದಿನಾತ್ರಿ," ಎಂದು ಅವನ ಮಗಳು ಅತ್ತಳು. "ಬರೇ ನೀರಿನ ಮ್ಯಾಲಿದ್ದ, ಇವತ್ತ ಮುಂಜಾನಿ ಅದನ್ನೂ ಒಲ್ಲೆಂದ. ಅಂಗೈಯಾಗ ಲಿಂಗ ಇಡದ ಹೆಂಗ ಮಣ್ಣ ಮಾಡೂದ್ರಿ? ಮುಷ್ಟಿನೂ ಬಿಚ್ಚವಲ್ದು."

ಅತ್ತೆ ಕರಡಿಗೆ ತೆರೆದು ಲಿಂಗ ಕೈಗೆತ್ತಿಕೊಂಡರು. "ತಂದೀನಿ, ತಗೋ."

ಬಿಗಿದಿದ್ದ ಎಡಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು. ನಾನು ಕಣ್ಣಾರೆ ಕಂಡೆ. ಅತ್ತೆ ಲಿಂಗವನ್ನು ಆ ಅಂಗೈಯಲ್ಲಿಟ್ಟರು. ವಾರದ ಹಿಂದೆಯೇ ಅತ್ತೆಯ ಮಾತು ಕೇಳಿದ್ದರೆ ಈ ಅಜ್ಜ ಉಣ್ಣುತ್ತಿದ್ದ.

ಮರಳುವಾಗ ಬಸ್ಸಿನಲ್ಲಿ ಅವರ ಕೈ ಹಿಡಿದು ಸುಳ್ಳು ಒಪ್ಪಿಕೊಂಡೆ. ಅತ್ತೆ ಬೈಯಲಿಲ್ಲ. ಬಾಳೆಹಣ್ಣು ಕೊಟ್ಟರೆ ಪಕ್ಕಕ್ಕಿಟ್ಟರು, ನೀರಿನ ಬಾಟಲಿಯನ್ನೂ ಮುಟ್ಟಲಿಲ್ಲ.

"ನಂದು ಯಾರ ಕೈಯಾಗೈತೋ ಅಮೃತಾ," ಎಂದರು. "ನಾ ಹಸದೀನಿ ಅಂತ ಅವರಿಗೂ ಕಾಣ್ತಿರಬೇಕು. ಅವರ ಮನ್ಯಾಗೂ ಯಾರೋ ನಿನ್ನಂಗ ನಗಾಕತ್ತಾರ."