ಎಡಗಡೆಯ ಹೊಲಿಗೆ

ಬೆಳಗಿನಿಂದ ಬಿಡುವಿಲ್ಲದೆ ಸುರಿಯುತ್ತಿದ್ದ ಮಳೆಗೆ ಬೆಟ್ಟದ ದಾರಿಯೇ ಕಾಣದಂತಾಗಿತ್ತು. ನಾಲ್ಕು ಹೆಜ್ಜೆ ಆಚೆಗೆ ನೆಲವಿದೆಯೋ ಕಮರಿಯಿದೆಯೋ ಹೇಳುವಂತಿರಲಿಲ್ಲ. ಇಂಥ ದಿನ ನಡೆಯಲು ಹೊರಡುವವರನ್ನು ಧೈರ್ಯವಂತರು ಅನ್ನುವುದಿಲ್ಲ, ಅದಕ್ಕೆ ಬೇರೆ ಮಾತಿದೆ. ಆದ್ದರಿಂದ ಹನಿ ತನ್ನ ಬೂಟು ಬಿಚ್ಚಿಟ್ಟು, ಮಲಗುವ ಚೀಲದೊಳಗೆ ಸೊಂಟದವರೆಗೆ ತೂರಿಕೊಂಡು, ಟೆಂಟಿನ ನೆತ್ತಿ ನೋಡುತ್ತ ಅಂಗಾತ ಮಲಗಿದಳು.

ಅವಳಿಗೆ ಐವತ್ತು ಹತ್ತಿರ ಬಂದಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ವರ್ಷಕ್ಕೊಮ್ಮೆ ಇದ್ದಬದ್ದ ರಜೆಯನ್ನೆಲ್ಲ ಗುಡ್ಡೆ ಹಾಕಿ, ಬೆನ್ನಿಗೊಂದು ಚೀಲ ಏರಿಸಿ, ಒಬ್ಬಳೇ ದೂರದ ಚಾರಣಕ್ಕೆ ಹೊರಟುಬಿಡುವುದು ಹಳೆಯ ಚಾಳಿ. ಮನೆಯವರು ಹೇಳುವಷ್ಟು ಹೇಳಿ ಸುಮ್ಮನಾಗಿದ್ದರು. ಈ ಸಲದ ವಿಶೇಷವೆಂದರೆ ಟೆಂಟು. ಅದನ್ನು ಅಪ್ಪ ಹೊಲಿದಿದ್ದ.

ಅಪ್ಪನದು ಟಾರ್ಪಾಲಿನ ಅಂಗಡಿ. ಲಾರಿಗಳ ಮೇಲೆ ಹೊದಿಸುವ ದಪ್ಪ ಕ್ಯಾನ್ವಾಸನ್ನು ಅಳೆದು, ಕತ್ತರಿಸಿ, ಹೊಲಿದು, ಹೊಲಿಗೆಗೆ ಮೇಣ ಉಜ್ಜಿ ಕೊಡುತ್ತಿದ್ದ. ಅಗ್ಗದ ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಕ್ಯಾನ್ವಾಸನ್ನು ಕೇಳುವವರಿಲ್ಲವಾಯಿತು. ಈಗ ಅದೇ ಅಂಗಡಿಯಲ್ಲಿ ಅಣ್ಣ ಮೊಬೈಲ್ ಮಾರುತ್ತಾನೆ. ಮೂಲೆಯಲ್ಲಿ ಅಪ್ಪನ ಹೊಲಿಗೆ ಮಷಿನ್ ಮಾತ್ರ ಉಳಿದಿತ್ತು, ಅದರ ಮೇಲೆ ಚಾರ್ಜರ್‌ಗಳ ಡಬ್ಬಗಳು. ಎಷ್ಟೋ ವರ್ಷ ಅದನ್ನು ಮುಟ್ಟದಿದ್ದ ಅಪ್ಪ, ಇದ್ದಕ್ಕಿದ್ದಂತೆ ಆ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಮಬ್ಬುಗಣ್ಣಿನಲ್ಲೇ ಮಗಳಿಗೊಂದು ಟೆಂಟು ಹೊಲಿಯಲು ಕೂತ. ಅಷ್ಟರಲ್ಲಿ ಅಣ್ಣ ಮಷಿನ್ನಿಗೆ ಗಿರಾಕಿಯನ್ನೂ ಹುಡುಕಿಟ್ಟಿದ್ದ. ಎತ್ತು ಏರಿಗೆ, ಕೋಣ ನೀರಿಗೆ.

ಅಪ್ಪ ಜಗಳವಾಡಲಿಲ್ಲ. ಟೆಂಟನ್ನು ಮಡಿಸಿ ಹನಿಯ ಕೈಗಿಟ್ಟು, ಅಣ್ಣನಿಗೆ ಕೇಳಿಸುವಂತೆ ಹೇಳಿದ್ದ: "ಮಳೆ ಹೇಳ್ಲಿ. ಸೋರಿದ್ರೆ ಮಷಿನ್ ಕೊಟ್ಬಿಡೋಣ. ಸೋರದೆ ಇದ್ರೆ ಯಾರೂ ಅದರ ತಂಟೆಗೆ ಬರಬಾರದು."

ಬಸ್ಸಿನವರೆಗೆ ಚೀಲ ಹೊತ್ತು ತಂದ ಅಣ್ಣ, ಕಿಟಕಿಗೆ ಬಾಯಿಟ್ಟು ಪಿಸುಗುಟ್ಟಿದ್ದ. "ಏನೇ ಆದ್ರೂ ಸೋರಲಿಲ್ಲ ಅಂದ್ಬಿಡು. ಗಿರಾಕಿ ಹಾಳಾಗಿ ಹೋಗ್ಲಿ. ಅಪ್ಪನ ಮುಖ ನೋಡೋಕಾಗಲ್ಲ."

ಹನಿಗೆ ಈಗ ಅದು ನೆನಪಾಗಿ ನಗು ಬಂತು. ಚಿಕ್ಕವನಿದ್ದಾಗ ಸೋರದಿದ್ದರೂ ಸೋರಿತು ಎನ್ನುತ್ತಿದ್ದವನು ಇವನೇ.

ಆಗೆಲ್ಲ ಹೊಸ ಟಾರ್ಪಾಲು ಸಿದ್ಧವಾದರೆ ಅಂಗಡಿಯ ಹಿಂದಿನ ಅಂಗಳದಲ್ಲಿ ನಾಲ್ಕು ಕಂಬಕ್ಕೆ ಕಟ್ಟುತ್ತಿದ್ದರು. ಮಳೆ ಬಂದರೆ ಸರಿ, ಬರದಿದ್ದರೆ ಅಪ್ಪ ಪೈಪು ಹಿಡಿದು ನಿಲ್ಲುತ್ತಿದ್ದ. ಕೆಳಗೆ ಚಾಪೆ ಹಾಸಿ ಮಕ್ಕಳಿಬ್ಬರನ್ನೂ ಮಲಗಿಸುವುದು. ಮಾತಾಡುವಂತಿಲ್ಲ, ಅಂಗೈ ಬಿಚ್ಚಿಕೊಂಡು ಕಾಯಬೇಕು. ಹನಿ ಬಿದ್ದರೆ ಕೂಗಬೇಕು. ಅಪ್ಪ ಓಡಿಬಂದು ಸೀಮೆಸುಣ್ಣದಿಂದ ಅಲ್ಲೊಂದು ಸುತ್ತು ಹಾಕಿ, ಕೂಗಿದವರಿಗೆ ಒಂದು ಪೆಪ್ಪರ್‌ಮಿಂಟು ಕೊಡುತ್ತಿದ್ದ. ಇವಳು ಎಷ್ಟು ಸಲ "ಹನಿ" ಎಂದು ಕಿರುಚಿದ್ದಳೋ, ಕೊನೆಗೆ ಅದೇ ಹೆಸರಾಗಿ ಅಂಟಿಕೊಂಡಿತು. ಶಾಲೆಯಲ್ಲಿದ್ದ ಹೆಸರು ಸಂಬಳದ ಚೀಟಿಗಷ್ಟೇ ಉಳಿಯಿತು.

ಒಮ್ಮೆ ಅಣ್ಣ ಬೆರಳನ್ನು ಬಾಯಲ್ಲಿಟ್ಟು ಒದ್ದೆ ಮಾಡಿಕೊಂಡು, ಹನಿ ಬಿತ್ತೆಂದು ಕೂಗಿದ್ದ. ಅಪ್ಪನಿಗೆ ಗೊತ್ತಾಯಿತು. ಹೊಡೆಯಲಿಲ್ಲ. ಪೆಪ್ಪರ್‌ಮಿಂಟು ವಾಪಸು ತೆಗೆದುಕೊಂಡು, ಇದರ ಕೆಳಗೆ ಯಾರದೋ ಬದುಕಿನ ಮೂಟೆ ಕೂತಿರುತ್ತದೆ, ಸೋರುವ ವಿಷಯದಲ್ಲಿ ಮಾತ್ರ ಸುಳ್ಳು ಬೇಡ ಎಂದ. ಬೇರೆ ವಿಷಯದಲ್ಲಿ ಹೇಳಬಹುದು ಎಂದು ಅಣ್ಣ ಅರ್ಥ ಮಾಡಿಕೊಂಡ, ಅದು ಬೇರೆ ಮಾತು.

ಆ ಅಂಗಳಕ್ಕೆ ಈಗ ಕಾಂಕ್ರೀಟು ಸೂರು ಬಂದಿದೆ. ಒದ್ದೆ ಕ್ಯಾನ್ವಾಸಿನ ವಾಸನೆ, ಅದರ ಮೇಲೆ ಬೀಳುವ ನೀರಿನ ಸದ್ದು, ಮಳೆಯಾಚೆಯಿಂದ "ಇದ್ದೀರೇನ್ರೋ" ಎನ್ನುವ ಅಪ್ಪನ ದನಿ. ಅದೆಲ್ಲ ಹನಿಗೆ ಮತ್ತೆ ಬೇಕೆನಿಸಿತು. ಜಗತ್ತಿನಲ್ಲಿ ಅಷ್ಟು ಬೆಚ್ಚಗೆ ಅವಳು ಮತ್ತೆಲ್ಲೂ ಮಲಗಿರಲಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುತ್ತಾರಲ್ಲ, ಹಾಗೆ. ಅವಳಿಗೇ ಗೊತ್ತಿಲ್ಲದಂತೆ ಎರಡೂ ಕೈ ಚಾಚಿ, ಅಂಗೈ ಬಿಚ್ಚಿದಳು.

ಸ್ವಲ್ಪ ಹೊತ್ತಿಗೆ ಎಡಗೈ ಮೇಲೆ ತಣ್ಣಗೆ ಒಂದು ಹನಿ ಬಿತ್ತು.

ಎದ್ದು ಕೂತು ಟಾರ್ಚು ಹಿಡಿದಳು. ತೂತು ಇದ್ದಿದ್ದರೆ ಎಷ್ಟೋ ವಾಸಿ ಇತ್ತು, ತೂತು ಯಾರ ಬಟ್ಟೆಗಾದರೂ ಬೀಳುತ್ತದೆ. ಇದು ಹೊಲಿಗೆ. ಎರಡು ತುಂಡು ಜೋಡಿಸುವಾಗ ಬಟ್ಟೆಯನ್ನು ಒಂದರೊಳಗೊಂದು ಮಡಿಸುತ್ತಾರೆ. ಆ ಮಡಿಕೆಯ ಬಾಯಿ ನೆಲ ನೋಡಬೇಕು, ಆಕಾಶ ನೋಡಬಾರದು. ನೋಡಿದರೆ ಮಡಿಕೆಯೊಳಗೆ ನೀರು ನಿಂತು ಸೂಜಿ ಚುಚ್ಚಿದ ಕಣ್ಣುಗಳಲ್ಲಿ ಇಳಿಯುತ್ತದೆ. ಅಪ್ಪನ ಅಂಗಡಿಗೆ ಸೇರಿದವರಿಗೆ ಮೊದಲ ದಿನದ ಪಾಠವೇ ಇದು. ತಪ್ಪಿದರೆ ಅಪ್ಪ ಬಟ್ಟೆಯನ್ನು ಎತ್ತಿ ಹಿಡಿದು, ಅಂಗಡಿಗೆಲ್ಲ ಕೇಳುವಂತೆ "ಯಾವ ಮಹಾನುಭಾವ ಹೊಲಿದಿದ್ದು ಇದನ್ನ?" ಎಂದು ಕೇಳುತ್ತಿದ್ದ.

ಬಲಗಡೆಯ ಹೊಲಿಗೆ ಸರಿಯಾಗಿತ್ತು. ಎಡಗಡೆಯದರಲ್ಲಿ ಬಟ್ಟೆ ತಿರುಗುಮುರುಗಾಗಿ, ಮಡಿಕೆ ಆಕಾಶಕ್ಕೆ ಬಾಯಿ ಬಿಟ್ಟಿತ್ತು.

ಅನ್ನ ಬೇಯಿಸುವ ಪುಟ್ಟ ಪಾತ್ರೆಯನ್ನು ಹನಿಯಡಿಗೆ ಇಟ್ಟು, ಗುರುತಿಗೆ ತನ್ನ ತಲೆಯ ಕ್ಲಿಪ್ಪನ್ನು ಮಡಿಕೆಗೆ ಸಿಕ್ಕಿಸಿದಳು. ಆಮೇಲೆ ಆ ಪಾತ್ರೆಯ ಟಕಟಕ ಕೇಳುತ್ತ ಯೋಚಿಸಿದಳು. ಆಸ್ಪತ್ರೆಯಲ್ಲಿ ಮುರಿದ ಮೂಳೆ ಮೊದಲು ಕಾಣುವುದು ಅವಳಿಗೇ. ಆದರೆ ಹೇಳುವಂತಿಲ್ಲ. ಡಾಕ್ಟರ್ ನೋಡ್ತಾರೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕಳಿಸುವುದರಲ್ಲಿ ಅವಳು ಪಳಗಿದವಳು. ಅಪ್ಪನಿಗೂ ಹಾಗೇ ಏನಾದರೂ ಹೇಳಿದರಾಯಿತು. ನಿಜ ಹೇಳಿದರೆ ಮಷಿನ್ ಹೋಗುತ್ತದೆ, ಜೊತೆಗೆ ಅಪ್ಪನಲ್ಲಿ ಉಳಿದಿರುವ ಅಷ್ಟಿಷ್ಟು ಗತ್ತೂ ಹೋಗುತ್ತದೆ. ಒಂದು ಸುಳ್ಳಿಗೆ ಇಷ್ಟೆಲ್ಲ ಉಳಿಯುವುದಾದರೆ ಹೇಳಲೇಬೇಕು ಎಂದು ತೀರ್ಮಾನ ಮಾಡಿಯೇಬಿಟ್ಟಳು.

ಮಧ್ಯಾಹ್ನದ ಮೇಲೆ ಮೋಡ ಸ್ವಲ್ಪ ಹರಿಯಿತು. ಒದ್ದೆ ಟೆಂಟು ಎರಡರಷ್ಟು ಭಾರವಾಗಿತ್ತು. ಅದನ್ನು ಹೊತ್ತು, ಕೆಸರು ತುಳಿದು ಏರು ಹತ್ತಿದಾಗ ಫೋನಿಗೆ ಸಿಗ್ನಲ್ ಬಂತು, ಮನೆಗೆ ಕರೆ ಮಾಡಿದಳು. ಅಮ್ಮ ಎತ್ತುತ್ತಾಳೆ ಎಂದುಕೊಂಡಿದ್ದಳು. ಎತ್ತಿದ್ದು ಅಪ್ಪ. ಊಟವಾಯಿತೇ ಎಂದು ಕೂಡ ಕೇಳಲಿಲ್ಲ.

"ಸೋರ್ತಾ?"

"ಇಲ್ಲಿ ಮಳೆ ಎಷ್ಟು ಜೋರು ಗೊತ್ತಾ ಅಪ್ಪಾ..."

"ಮಳೆ ಸಮಾಚಾರ ರೇಡಿಯೋದವ್ರು ಹೇಳ್ತಾರೆ. ಸೋರ್ತಾ?"

ಹನಿ ಬಾಯಿ ತೆರೆದಳು. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ದನಿ ಮಳೆಯಾಚೆಯಿಂದ ಬರುತ್ತಿದ್ದ ಅದೇ ದನಿ. ಅದಕ್ಕೆ ಉತ್ತರ ಕೊಟ್ಟು ಕೊಟ್ಟು ಅವಳಿಗೆ ನಿಜ ಹೇಳುವುದೇ ರೂಢಿಯಾಗಿತ್ತು.

"ಸೋರ್ತು. ಎಡಗಡೆ, ಮಧ್ಯದ ಹೊಲಿಗೆ."

"ತೂತಾ?"

"ಅಲ್ಲ. ಮಡಿಕೆ ಬಾಯಿ ಮೇಲಕ್ಕಿದೆ."

ಆ ಕಡೆ ಹಿಂದೆ ಎಲ್ಲೋ ಕುಕ್ಕರ್ ಕೂಗಿತು. ಹನಿ ಕಣ್ಣು ಮುಚ್ಚಿಕೊಂಡಳು. ಕೆಡಿಸಿಬಿಟ್ಟೆ ಎಂದುಕೊಂಡಳು.

"ಯಾವ ಮಹಾನುಭಾವ ಹೊಲಿದಿದ್ದು ಅದನ್ನ?"

"ನೀನೇ ಅಪ್ಪಾ."

ಕೆಮ್ಮು ಎಂದುಕೊಂಡಳು ಮೊದಲು. ಅದು ನಗು. ಅಪ್ಪ ಉಸಿರು ಸಿಗದಷ್ಟು ನಗುತ್ತಿದ್ದ. ನಗು ಇಳಿದ ಮೇಲೆ ಬಂದ ದನಿ ತಗ್ಗಿತ್ತು. "ನನಗೂ ಅನುಮಾನ ಇತ್ತು ಕಣೆ. ಕಣ್ಣು ಕಾಣ್ಸಲ್ಲ, ಬೆರಳು ಹಾಕಿ ನೋಡಿದ್ರೂ ತಿಳೀಲಿಲ್ಲ. ನಿಮ್ಮಮ್ಮನ್ನ ಕೇಳ್ದೆ, ಚೆನ್ನಾಗಿದೆ ಅಂದ್ಳು. ನಿಮ್ಮಣ್ಣನ್ನ ಕೇಳ್ದೆ, ಚೆನ್ನಾಗಿದೆ ಅಂದ. ಈಗೀಗ ಈ ಮನೇಲಿ ನಾನು ಏನು ಕೇಳಿದ್ರೂ ಎಲ್ಲಾ ಚೆನ್ನಾಗೇ ಇದೆ."

ಹನಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಗುರುತು ಹಾಕಿದ್ದೀಯಾ?" ಎಂದ ಅಪ್ಪ.

"ಹಾಕಿದ್ದೀನಿ."

"ಒದ್ದೇಲಿ ಮಡಿಸಿಡಬೇಡ, ಬಿಸಿಲು ಬಂದಾಗ ಹರವು. ಹಾಗೇ ತಗೊಂಡು ಬಾ." ಆಮೇಲೆ ಫೋನು ಬಾಯಿಂದ ದೂರವಾಯಿತು. ಅಂಗಡಿಗೆಲ್ಲ ಕೇಳುವ ಆ ಹಳೆಯ ದನಿಯಲ್ಲಿ ಅಪ್ಪ ಅಣ್ಣನನ್ನು ಕರೆಯುವುದು ಬೆಟ್ಟದ ಮೇಲಿದ್ದ ಅವಳಿಗೂ ಕೇಳಿಸಿತು.

"ಲೋ, ಮಷಿನ್ ನೋಡೋಕೆ ಬರ್ತೀನಿ ಅಂದಿದ್ನಲ್ಲ, ಅವನಿಗೆ ಬರಬೇಡ ಅನ್ನು. ರಿಪೇರಿ ಕೆಲಸ ಬಂದಿದೆ."