ಲಾವಂಚದ ಕಾರು

ಗಂಡನ ಹೆಸರನ್ನು ನಾನು ಹೇಳುವುದಿಲ್ಲ. ಊರವರು ಜಯದೇವಪ್ಪನವರು ಎನ್ನುತ್ತಾರೆ, ನನಗೆ ‘ಇವರು’, ಅಷ್ಟೇ.

ಇವರಿಗೆ ಯಂತ್ರದ ಹುಚ್ಚು. ಯುದ್ಧ ಶುರುವಾದ ಮರುವರ್ಷ, ಪೆಟ್ರೋಲಿಗೆ ಇನ್ನೂ ರೇಷನ್ ಚೀಟಿ ಬಾರದಿದ್ದಾಗ, ಇಂಗ್ಲೆಂಡಿಗೆ ಹೊರಟಿದ್ದ ಕಾಫಿ ತೋಟದ ಬಿಳಿ ದೊರೆಯೊಬ್ಬನಿಂದ ಹಳೇ ಕಾರು ಕೊಂಡು ನರಸಿಂಹರಾಜಪುರದ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದರು. ಬೇಸಿಗೆಯಲ್ಲಿ ಅದರೊಳಗೆ ಕೂರುವುದೂ ಒಂದೇ, ಒಲೆಯೊಳಗೆ ಕೂರುವುದೂ ಒಂದೇ. ಗಾಜು ಇಳಿಸಿದರೆ ಕೆಂಪು ಧೂಳು, ಏರಿಸಿದರೆ ಪೆಟ್ರೋಲಿನ ವಾಸನೆ. ಇವರು ಮಾತ್ರ ಬೆವರು ಒರೆಸಿಕೊಳ್ಳುತ್ತಾ ಮಹಾರಾಜರ ಗತ್ತಿನಲ್ಲಿ ಕೂರುತ್ತಿದ್ದರು.

ನನಗೆ ಆ ಕಾರಿನಿಂದ ಆಗಬೇಕಾದದ್ದು ಒಂದೇ ಕೆಲಸ. ಮಗಳು ವೀರಮ್ಮ ತರೀಕೆರೆಯ ಗಂಡನ ಮನೆಯಲ್ಲಿ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು. ಆದರೆ ಅವಳ ಅತ್ತೆ ವೀರಬಸಮ್ಮ ಕಳಿಸುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಯಾವಾಗ ಕೇಳಿದರೂ ಬಿಸಿಲು ಎನ್ನುತ್ತಿದ್ದರು. ಎತ್ತಿನ ಗಾಡಿ ಬೇಡ, ಬಸ್ಸು ಬೇಡ, ನಿಮ್ಮ ಕಾರಂತೂ ಬೇಡವೇ ಬೇಡ. ಅವರು ಹೇಳುವುದರಲ್ಲಿ ಸುಳ್ಳಿರಲಿಲ್ಲ. ರಾತ್ರಿ ಹೊರಟರೆ ಕಾಡಾನೆ. ಬೆಳಿಗ್ಗೆ ಹೊರಟರೆ ಹೆಜ್ಜೆಗೊಮ್ಮೆ ನೀರು ಕೇಳುವ ನಮ್ಮ ಕಾರು ಊರು ಸೇರುವಷ್ಟರಲ್ಲಿ ಹೊತ್ತು ನೆತ್ತಿ ದಾಟಿರುತ್ತಿತ್ತು. ಆದರೂ ಹೆತ್ತ ಕರುಳು ಕೇಳಬೇಕಲ್ಲ. ಬಾಣಂತಿಗೆ ನನ್ನ ಕೈಯಾರೆ ನೀರು ಹಾಕಬೇಕು ಎಂಬ ಆಸೆಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಆ ಹೆಂಗಸಿನದು ಕಲ್ಲೆದೆ ಎಂದು ಇವರ ಮುಂದೆ ದಿನಾ ಬೈಯುತ್ತಿದ್ದೆ.

ಬೈಗುಳ ಕೇಳಿ ಸಾಕಾಗಿಯೋ ಏನೋ, ಇವರಿಗೆ ದೊರೆ ಹೇಳಿದ್ದೊಂದು ಮಾತು ನೆನಪಾಯಿತು. ಅಮೆರಿಕಾದಲ್ಲಿ ತಂಪು ಮಾಡುವ ಯಂತ್ರವನ್ನೇ ಒಳಗಿಟ್ಟ ಕಾರು ಬಂದಿದೆಯಂತೆ. ಯಂತ್ರವೇ ಹಿಂದಿನ ಡಿಕ್ಕಿಯ ಅರ್ಧ ಜಾಗ ನುಂಗುತ್ತದಂತೆ. ತಂಪು ಸಾಕು ಎನಿಸಿದರೆ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಂತೆ. ಅಷ್ಟು ದುಡ್ಡು ಕೊಟ್ಟು ಅಷ್ಟು ಕಷ್ಟಪಡುವವರು ಆ ಸೀಮೆಯಲ್ಲೂ ಇದ್ದಾರಲ್ಲ ಎಂದು ನನಗೆ ಸಮಾಧಾನವಾಯಿತು.

ಮರುದಿನವೇ ಬದುವಿನ ಲಾವಂಚ ಅಗೆಸಿ, ಬೇರು ತೊಳೆಸಿ, ಮೇದರ ಗುರುವನ ಕೈಲಿ ಬಿದಿರಿನ ಚೌಕಟ್ಟಿಗೆ ಹೆಣೆಸಿ, ಕಿಟಕಿಗಳಿಗೆ ತಟ್ಟಿ ಮಾಡಿಸಿದರು. ಬಚ್ಚಲಲ್ಲಿದ್ದ ನನ್ನ ತಾಮ್ರದ ಕೊಳದಪ್ಪಲೆ ಕಾರಿನ ತಲೆ ಏರಿತು. ಅದರಿಂದ ತಟ್ಟಿಗೆ ನೀರು ಬಿಡಬೇಕು, ಗಾಳಿ ತಟ್ಟಿಯನ್ನು ಹಾದು ಒಳಗೆ ಬರಬೇಕು. ಮೊದಲ ಸಲ ಓಡಿಸಿದಾಗ ಗಾಳಿಗಿಂತ ಮೊದಲು ನೀರೇ ಬಂತು. ಇವರು ಇಳಿದಾಗ ಹಣೆಯ ವಿಭೂತಿ ಗಡ್ಡಕ್ಕೆ ಇಳಿದಿತ್ತು. ನಗು ಮುಗಿದ ಮೇಲೆ ನಾನೇ ಹಳೇ ಸೀರೆ ಹರಿದು ದಪ್ಪ ಬತ್ತಿ ಹೊಸೆದುಕೊಟ್ಟೆ. ಬತ್ತಿಯ ಗುಂಟ ನೀರು ನಿಧಾನವಾಗಿ ಜಿನುಗಿ ತಟ್ಟಿ ನೆನೆಯಿತು. ಕಾರು ಓಡತೊಡಗಿದ್ದೇ ಒಳಗೆಲ್ಲ ಲಾವಂಚದ ಕಂಪು, ತಣ್ಣನೆ ಗಾಳಿ. ನಿಜ ಹೇಳುತ್ತೇನೆ, ಆವತ್ತು ಇವರ ಮೇಲೆ ನನಗೆ ಬಹಳ ಪ್ರೀತಿ ಬಂತು.

ತರೀಕೆರೆಗೆ ಹೋದೆವು. ವೀರಬಸಮ್ಮ ಹೊರಗೆ ಬಂದು ಕಾರಿಗೆ ಒಂದು ಸುತ್ತು ಹಾಕಿದರು. ತಟ್ಟಿ ಮುಟ್ಟಿ ನೋಡಿದರು.

“ಹುಡುಗಿ ಕೂರೋದು ಆಮೇಲೆ. ಹೊತ್ತು ನೆತ್ತಿಗೆ ಬರಲಿ, ಮೊದ್ಲು ನಾನು ಕೂತು ನೋಡ್ತೀನಿ” ಎಂದರು.

ಮಟಮಟ ಮಧ್ಯಾಹ್ನ ಅವರ ಪಕ್ಕ ನಾನು ಕೂತೆ. ಇವರು ಲಕ್ಕವಳ್ಳಿಯ ದಾರಿ ಹಿಡಿದರು. ವೀರಬಸಮ್ಮ ಸೀಟಿನ ತುದಿಯಲ್ಲಿ ಬಿಗಿಯಾಗಿ ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಬೆನ್ನು ಹಿಂದಕ್ಕೆ ಒರಗಿತು. ತಲೆಯ ಮೇಲಿನ ಸೆರಗು ಸರಿಸಿ ಮುಖ ಗಾಳಿಗೆ ಕೊಟ್ಟರು.

“ನನಗೂ ಏಳು ತಿಂಗಳಾಗಿತ್ತು. ಕೊಪ್ಪದ ಹತ್ರದ ನನ್ನ ತವರು ನಾರ್ವೆಯಿಂದ ಅಣ್ಣ ಗಾಡಿ ಕಟ್ಕೊಂಡು ಕರೆಯೋಕೆ ಬಂದಿದ್ದ. ಇಂಥದೇ ಬಿಸಿಲು. ಲಕ್ಕವಳ್ಳಿ ದಾಟಲಿಲ್ಲ ಮಾರಾಯ್ತಿ, ಮಗು ಹೋಯ್ತು. ಅಲ್ಲಿಂದಲೇ ಗಾಡಿ ತಿರುಗಿಸಿದ್ರು.”

ಆಮೇಲಿನದನ್ನು ತಡೆತಡೆದು ಹೇಳಿದರು. ತವರಿನ ದಾರಿ ನಿನಗೆ ಆಗಿಬರುವುದಿಲ್ಲ ಎಂದು ಅವರ ಅತ್ತೆ ಕಳಿಸಲಿಲ್ಲ. ಅತ್ತೆ ಹೋದ ಮೇಲೆ ತಡೆಯುವವರಿರಲಿಲ್ಲ, ಆದರೆ ವೀರಬಸಮ್ಮನವರಿಗೇ ಆ ದಾರಿಯಲ್ಲಿ ಕಾಲಿಡುವ ಧೈರ್ಯ ಇರಲಿಲ್ಲ. ತಾಯಿಯೇ ಆಗಾಗ ಬಂದು ನೋಡಿ ಹೋಗುತ್ತಿದ್ದವರು, ಈಗ ಕಣ್ಣು ಮಂದವಾಗಿ ನಾರ್ವೆ ಬಿಟ್ಟು ಕದಲುವ ಹಾಗಿಲ್ಲ.

ನನಗೆ ಅಳು ಬಂತು. ಕಲ್ಲೆದೆ ಅಂದವಳು ನಾನು.

“ಅಕ್ಕಾ, ಹಿಂದಿನ ಸೀಟಲ್ಲಿ ಮೂರು ಜನ ಕೂರಬಹುದು. ನಮ್ಮೂರಿಂದ ನಾರ್ವೆ ದೂರ ಏನಲ್ಲ” ಎಂದೆ.

ಮರುದಿನ ಬೆಳಿಗ್ಗೆ ನೋಡಿದರೆ ಸೊಸೆಯ ಬಟ್ಟೆಯ ಗಂಟಿನ ಪಕ್ಕ ವೀರಬಸಮ್ಮನವರದ್ದೂ ಒಂದು ಗಂಟು, ಜೊತೆಗೆ ನೀರು ತುಂಬಿದ ದೊಡ್ಡ ಕೊಡ.

ಲಕ್ಕವಳ್ಳಿ ಹತ್ತಿರ ಬಂದಾಗ ಕೊಳದಪ್ಪಲೆ ಬರಿದಾಗಿ ತಟ್ಟಿ ಒಣಗಿತ್ತು. ಕಾರು ನಿಲ್ಲಿಸಿದರು. ವೀರಬಸಮ್ಮ ಯಾರಿಗೂ ಬಿಡದೆ ತಾವೇ ಇಳಿದು, ಕೊಡದ ನೀರನ್ನು ಚೊಂಬಿನಲ್ಲಿ ಮೊಗೆದು ಮೊಗೆದು ತಟ್ಟಿಗೆ ಎರೆದರು. ತಟ್ಟಿ ತೊಟ್ಟಿಕ್ಕತೊಡಗಿದರೂ ನಿಲ್ಲಿಸಲಿಲ್ಲ. ಕಾರು ಮತ್ತೆ ಹೊರಟಾಗ ವೀರಮ್ಮ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಮನೆಯ ಬಾಗಿಲಲ್ಲಿ ದೃಷ್ಟಿ ತೆಗೆದು ಅವಳನ್ನು ಒಳಗೆ ಕರೆದುಕೊಂಡಾಗ ನನ್ನ ಜೀವಕ್ಕೆ ಸಮಾಧಾನವಾಯಿತು.

ಎರಡು ದಿನ ಬಿಟ್ಟು ಇವರು, ನಾನು, ವೀರಬಸಮ್ಮ ಮೂವರೂ ಕೊಪ್ಪದ ಮೇಲೆ ನಾರ್ವೆಗೆ ಹೋದೆವು. ಹಣ್ಣುಹಣ್ಣು ಮುದುಕಿಯೊಬ್ಬರು ಜಗಲಿಯಲ್ಲಿ ಕೂತಿದ್ದರು. ವೀರಬಸಮ್ಮ ಹೋಗಿ ಅವರ ಕೈ ಹಿಡಿದರು. ಮುದುಕಿ ಮಗಳ ಕೈ, ತೋಳು, ಕೆನ್ನೆ ಸವರಿ ಗುರುತು ಹಿಡಿದರು.

“ಈ ಬಿಸಿಲಲ್ಲಿ ಎಂತಕ್ಕೆ ಬಂದ್ಯೇ?”

“ದಾರೀಲಿ ಬಿಸಿಲೇ ಇರ್ಲಿಲ್ಲ, ಅವ್ವಾ” ಎಂದು ವೀರಬಸಮ್ಮ ತಾಯಿಯ ಮಡಿಲಲ್ಲಿ ತಲೆಯಿಟ್ಟರು.

ಅಂಗಳದಲ್ಲಿ ಬಿಸಿಲು ರಣಗುಡುತ್ತಿತ್ತು. ಇವರು ತಟ್ಟಿ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿ ನಿಂತರು.