ತಾಮು ಮತ್ತು ಸಂಧಾನದ ಸಕ್ಕರೆ

ತಾಮು ನಗುತ್ತಿದ್ದುದು ಎಲ್ಲರ ನಗೆಯೂ ಮುಗಿದ ಮೇಲೆ. ಸೆಫ್ರೂ ಊರಿನ ನಮ್ಮ ಓಣಿಯಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸರು ಹೊಸ್ತಿಲುಗಳ ಮೇಲೆ ಕೂತು, ಜಲ್ಲಾಬಾ ನಿಲುವಂಗಿಗಳಿಗೆ ರೇಷ್ಮೆ ದಾರದ ಗುಂಡಿ ಕಟ್ಟುತ್ತಾ, ಗಂಡಂದಿರ ಗೊರಕೆಯನ್ನೋ ನಾದಿನಿಯರ ಜಿಪುಣತನವನ್ನೋ ಆಡಿಕೊಂಡು ಬಿದ್ದು ಬಿದ್ದು ನಗುವಾಗ, ಆಕೆ ಮಾತ್ರ ಸೂಜಿಯನ್ನು ಅರ್ಧಕ್ಕೇ ತಡೆದು ಒಬ್ಬೊಬ್ಬರ ಮುಖವನ್ನೂ ನೋಡಿ, ಇಲ್ಲಿ ನಕ್ಕರೆ ಅಪಾಯವಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಸಣ್ಣದಾಗಿ ನಗುತ್ತಿದ್ದಳು. ಅಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿರುತ್ತಿತ್ತು.

ನಡೆದರೆ ಗೋಡೆಯ ಪಕ್ಕದಲ್ಲೇ ನಡೆಯಬೇಕು, ಕೂತರೆ ಬಾಗಿಲು ಕಾಣುವಂತೆಯೇ ಕೂರಬೇಕು. ಮೈಮೇಲೆ ಅಪ್ಪನ ಹಳೆಯ ಕಂದು ಜಲ್ಲಾಬಾ. ಜುಲೈ ತಿಂಗಳ ಧಗೆಯಲ್ಲೂ ಬೆರಳ ತುದಿಯವರೆಗೆ ಇಳಿಬಿಟ್ಟ ಅದರ ತೋಳು. ಏನು ಹೇಳುವುದಿದ್ದರೂ "ತಪ್ಪು ತಿಳ್ಕೋಬೇಡಿ" ಎಂಬ ಪೀಠಿಕೆ. ಒಂದು ಕಟ್ಟು ಪುದೀನ ಕೇಳುವುದಕ್ಕೂ ಅದೇ, ಅಡುಗೆಮನೆಗೆ ನುಗ್ಗಿದ ಬೆಕ್ಕನ್ನು ಓಡಿಸುವುದಕ್ಕೂ ಅದೇ. ತವರುಮನೆಯ ಅತ್ತಿಗೆ ರಕೂಷ್ ಬಾಯಿ ಜೋರಿನವಳು, ಒಮ್ಮೆ ತಡೆಯಲಾರದೆ, "ಅಲ್ವೇ ಮಾರಾಯ್ತಿ, ಆ ಬೆಕ್ಕು ತಪ್ಪು ತಿಳ್ಕೊಂಡ್ರೆ ಏನ್ ಮಾಡುತ್ತೆ, ನಿನ್ನನ್ನ ಕೋರ್ಟಿಗೆ ಎಳೆಯುತ್ತಾ?" ಎಂದಳು. ತಾಮು ಬೆಕ್ಕಿನ ಮುಖವನ್ನೂ ಒಮ್ಮೆ ನೋಡಿಕೊಂಡಳು.

ಹುಟ್ಟಿನಿಂದ ಆಕೆ ಹೀಗಿರಲಿಲ್ಲ. ಚೆರ್ರಿ ತೋಟಗಳಲ್ಲಿ ಮರದ ತುದಿ ಏರಿ ಕೂತು ಕೆಳಗಿನವರ ತಲೆಗೆ ಬೀಜ ಉಗುಳುತ್ತಿದ್ದ ಹುಡುಗಿ ಅವಳು. ಮದುವೆಯಾದದ್ದು ಗಾರೆ ಕೆಲಸದ ಅಲ್ಲಾಲನನ್ನು. ಅವನೋ ಬೀದಿಯಲ್ಲಿ ಸಿಕ್ಕರೆ ಮುದುಕಿಯರ ಕೈಚೀಲ ಹೊತ್ತು ಮನೆ ಮುಟ್ಟಿಸುವ, ಮಾತಿಗೊಮ್ಮೆ ದೇವರನ್ನು ಸ್ಮರಿಸುವ ಸಜ್ಜನ. ಆ ಸೌಜನ್ಯವನ್ನೆಲ್ಲ ಹೊಸ್ತಿಲಾಚೆ ಕಳಚಿಟ್ಟು ಅವನು ಒಳಗೆ ಬರುತ್ತಿದ್ದ. ಬೀಗದಲ್ಲಿ ಕೀಲಿ ತಿರುಗುವ ಸದ್ದಿನಿಂದಲೇ ಆ ಸಂಜೆ ಹೇಗೆ ಕಳೆಯಲಿದೆಯೆಂಬುದು ತಾಮುವಿಗೆ ಗೊತ್ತಾಗುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಕಡಿಮೆಯಾಯಿತೆಂದು, ಸರಿಯಾಗಿದ್ದರೆ ತನ್ನನ್ನು ಅಣಕಿಸುವುದಕ್ಕೇ ಸರಿ ಮಾಡಿದ್ದಾಳೆಂದು ಹೊಡೆಯುತ್ತಿದ್ದ. ಹೊಡೆದ ಮರುದಿನ ಅಳುತ್ತಿದ್ದ. ಕ್ರಮೇಣ ಆಕೆಗೂ ತಪ್ಪೆಲ್ಲ ತನ್ನದೇ ಎನ್ನಿಸತೊಡಗಿತು. ಓಣಿಯವರಂತೂ, "ಅಲ್ಲಾಲನಾ? ಹೋಗ್ರೀ, ಅವನು ಇರುವೆ ಮೆಟ್ಟೋನಲ್ಲ" ಎಂದು ಅವನ ಪರವಾಗಿಯೇ ಸಾಕ್ಷಿ ಹೇಳುತ್ತಿದ್ದರು.

ಮುನಿದು ತವರಿಗೆ ಬಂದ ಹೆಂಡತಿಯನ್ನು ಕರೆದೊಯ್ಯಲು ನಮ್ಮಲ್ಲಿ ಗಂಡ ಬರಿಗೈಯಲ್ಲಿ ಬರುವುದಿಲ್ಲ. ನೀಲಿ ಕಾಗದ ಸುತ್ತಿದ, ಗೋಪುರದಂತಹ ಸಕ್ಕರೆಯ ಅಚ್ಚನ್ನು ಹಿಡಿದು, ಹಿರಿಯರನ್ನು ಮುಂದಿಟ್ಟುಕೊಂಡು ಬರುತ್ತಾನೆ. ಹೆಣ್ಣಿನ ತಂದೆ ಹಿತ್ತಾಳೆಯ ಸುತ್ತಿಗೆಯಿಂದ ಅದನ್ನು ಒಡೆದು ಚಹಾಕ್ಕೆ ಹಾಕಿದನೆಂದರೆ ಜಗಳ ಮುಗಿಯಿತು; ಲೋಟ ಖಾಲಿಯಾಗುವಷ್ಟರಲ್ಲಿ ಮಗಳು ಹೊರಟು ನಿಂತಿರಬೇಕು. ಹೊಸ್ತಿಲು ದಾಟಿ ಬಂದ ಸಕ್ಕರೆಯನ್ನು ಹಿಂದಿರುಗಿಸುವುದು ತಂದವನ ಮುಖಕ್ಕೆ ಬಾಗಿಲು ಬಡಿದಂತೆ ಎಂದು ತಿಳಿದವರು ನಾವು. ತಾಮುವಿನ ತಂದೆ ಬೂಶ್ತಾ, ಹೇಸರಗತ್ತೆಗಳಿಗೆ ಜೀನು ಹೊಲಿಯುವ ಹಟಮಾರಿ ಮುದುಕ, ಎರಡು ಸಲ ಹಾಗೇ ನಂಬಿ ಒಡೆದ. ಮೊದಲ ಸಲ ಅಡುಗೆಮನೆಯಿಂದ "ಅಪ್ಪಾ, ನಾನು ಹೋಗಲ್ಲ" ಎಂದದ್ದು ಅವನಿಗೆ ಕೇಳಿಸಿತ್ತು. ಹೆಣ್ಣುಮಕ್ಕಳು ಹಾಗೆ ಅನ್ನುವುದುಂಟು ಎಂದುಕೊಂಡು ಸುತ್ತಿಗೆ ಎತ್ತಿದ. ಎರಡನೆಯ ಸಲ ಆಕೆ ಏನೂ ಅನ್ನಲಿಲ್ಲ. ಓಣಿಯ ಅರ್ಧ ಜನ ಆ ಚಹಾ ಕುಡಿದು, ಸಿಹಿ ಹದವಾಗಿದೆ ಎಂದು ಹೊಗಳಿ ಮನೆಗೆ ಹೋದರು.

ಮತ್ತೊಮ್ಮೆ ಆಕೆ ತವರಿನ ಬಾಗಿಲಿಗೆ ಬಂದಾಗ ಬಲಗೈಯ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿಕೊಂಡಿತಾದರೂ ಸೂಜಿ ಹಿಡಿಯಲು ಬೆರಳು ಬಾಗುತ್ತಿರಲಿಲ್ಲ. ಅಲ್ಲಾಲ ಎಂದಿನಂತೆ ಸಕ್ಕರೆ ಹಿಡಿದು ಬಂದ, ಜೊತೆಗೆ ಹಾಜಿ ಜಿಲಾಲಿಯೆಂಬ ಊರ ಹಿರಿಯ. ಕೆಟಲಿನಲ್ಲಿ ನೀರು ಕುದಿಯಿತು, ಪುದೀನ ಬಿತ್ತು. ಈ ಸಲ ಹೋದರೆ ತಾಮು ಜೀವಂತ ಮರಳುವುದಿಲ್ಲವೆಂದು ರಕೂಷ್ ಹಿಂದಿನ ದಿನವೇ ಮಾವನ ಮುಂದೆ ಅತ್ತು ಹೇಳಿದ್ದಳು. ಬೂಶ್ತಾ ಸುತ್ತಿಗೆ ಎತ್ತಿಕೊಂಡ. ಆಮೇಲೆ ಮಗಳನ್ನು ಒಳಗಿನಿಂದ ಕರೆದು ಅದನ್ನು ಅವಳ ಎಡಗೈಗೆ ಕೊಟ್ಟ.

"ಒಡೀತೀಯೋ ಬಿಡ್ತೀಯೋ, ನಿನಗೆ ಬಿಟ್ಟಿದ್ದು ಮಗಾ."

"ಇದ್ಯಾವ ಸಂಪ್ರದಾಯ ಬೂಶ್ತಾ?" ಎಂದರು ಹಾಜಿ. "ಹೆಣ್ಣಿನ ಕೈಗೆ ಸುತ್ತಿಗೆ ಕೊಟ್ರೆ ಸಂಸಾರ ಉಳಿಯುತ್ತಾ?"

"ಎರಡು ಸಲ ನಾನೇ ಒಡೆದೆನಲ್ಲ ಹಾಜಿಯವರೇ. ಏನು ಉಳೀತು, ನೀವೇ ಅವಳ ಕೈ ನೋಡಿ ಹೇಳಿ."

ತಾಮು ಎಲ್ಲರ ಮುಖಗಳನ್ನೂ ನೋಡಿದಳು. ಅಲ್ಲಾಲನ ಮುಖದ ಮೇಲೆ, ಹೊರಗಿನವರಿಗಾಗಿ ಮೀಸಲಿಟ್ಟ ಆ ಮೃದು ನಗೆ ಇತ್ತು. ಸುತ್ತಿಗೆಯನ್ನು ತಟ್ಟೆಯ ಪಕ್ಕದಲ್ಲಿಟ್ಟು, ಬಿಚ್ಚಿದ್ದ ನೀಲಿ ಕಾಗದವನ್ನು ಒಂದೇ ಕೈಯಲ್ಲಿ ಮತ್ತೆ ಮಡಚತೊಡಗಿದಳು. ಜಾರಿತು, ಮತ್ತೆ ಮಡಚಿದಳು. ಯಾರೂ ಸಹಾಯಕ್ಕೆ ಏಳಲಿಲ್ಲ. ಕಟ್ಟಿದ ಅಚ್ಚನ್ನು ಹಾಜಿಯವರ ಮಡಿಲಲ್ಲಿಟ್ಟು, "ತಪ್ಪು ತಿಳ್ಕೊಂಡ್ರೂ ಪರವಾಗಿಲ್ಲ, ನಾನು ಹೋಗಲ್ಲ" ಎಂದಳು. ಅಂದು ಅವರೆಲ್ಲ ಸಪ್ಪೆ ಚಹಾ ಕುಡಿದು ಎದ್ದುಹೋದರು.

ನ್ಯಾಯಾಲಯದಲ್ಲಿ ಮದುವೆಯಿಂದ ಬಿಡುಗಡೆ ಸಿಕ್ಕಿತು, ಆದರೆ ಮೈ ಆ ತೀರ್ಪನ್ನು ಅಷ್ಟು ಸುಲಭಕ್ಕೆ ನಂಬಲಿಲ್ಲ. ಪಾತ್ರೆ ಬಿದ್ದರೆ ತೋಳು ತಾನಾಗಿ ತಲೆಗೆ ಅಡ್ಡ ಬರುತ್ತಿತ್ತು. ಅಲ್ಲಾಲ ನೆರೆಯೂರಿಗೆ ಹೋದನೆಂದು ತಿಳಿದ ಮೇಲೂ ಸಂಜೆಯಾದರೆ ಕಿವಿ ಕೀಲಿಯ ಸದ್ದಿಗೇ ಕಾಯುತ್ತಿತ್ತು. ತಾಮುವಿನ ಹಿಂದಿನಿಂದ ಬರುವಾಗ, ಬೆಚ್ಚಿಬೀಳದಿರಲೆಂದು ಕೆಮ್ಮಿ ಬರುವುದನ್ನು ರಕೂಷ್ ರೂಢಿ ಮಾಡಿಕೊಂಡಳು; ಅವಳಿಗೆ ಕ್ಷಯವೇನಾದರೂ ಇದೆಯೇ ಎಂದು ನೆರೆಯವರು ವಿಚಾರಿಸುವಷ್ಟು. ಬೆರಳುಗಳು ನಿಧಾನವಾಗಿ ಬಾಗಿದವು. ಚಳಿಗಾಲ ಕಳೆದು ಚೆರ್ರಿ ಮರಗಳು ಹೂಬಿಟ್ಟ ಹೊತ್ತಿಗೆ ಗುಂಡಿ ಕೊಳ್ಳಲು ಬಂದ ವ್ಯಾಪಾರಿಯೊಬ್ಬ, ಈ ಗುಂಡಿ ಸಡಿಲ ಎಂದು ಮೂಗು ಮುರಿದ.

"ಸಡಿಲ ಇರೋದು ನಿಮ್ಮ ಕಣ್ಣು ಸ್ವಾಮಿ," ಎಂದಳು ತಾಮು. "ಎಳೆದು ನೋಡಿ. ಬಂದ್ರೆ ಪುಕ್ಕಟೆ ಕೊಡ್ತೀನಿ."

ಬರಲಿಲ್ಲ. ಅವನು ಹೋದ ಮೇಲೆ ಆಕೆ ಒಳಗೆ ಓಡಿ ಬಾಗಿಲ ಹಿಂದೆ ಅವಿತಳು, ಆಮೇಲೆ ಮುಖ ತೊಳೆದು ಬಂದು ಅತ್ತಿಗೆಯ ಹೆಗಲಿಗೆ ಒರಗಿ ಕೂತಳು. ಒಬ್ಬ ಗಂಡಸಿಗೆ ಎದುರಾಡಿಯೂ ಏನೂ ಆಗಲಿಲ್ಲ ಎಂಬ ಆಶ್ಚರ್ಯ ಅವಳ ಮುಖದಲ್ಲಿತ್ತು. ಸದ್ಯ, ಅಷ್ಟಾಯಿತಲ್ಲ ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆ ಮಧ್ಯಾಹ್ನ ಆಕೆ ಬಾಗಿಲು ತೆರೆದಿಟ್ಟು, ಅದಕ್ಕೆ ಬೆನ್ನು ಹಾಕಿ, ಗಾಢವಾಗಿ ನಿದ್ದೆ ಮಾಡಿದಳಂತೆ.

ಇಂಥ ಹೆಂಗಸರನ್ನು ಲೋಕ ಸಾಧುಗಳೆಂದು, ಪುಕ್ಕಲರೆಂದು ಕರೆಯುತ್ತದೆ. ಮೊದಲೇ ಯಾಕೆ ಬಿಟ್ಟು ಬರಲಿಲ್ಲ ಎಂದು ಅವರನ್ನೇ ಕಟಕಟೆಗೆ ನಿಲ್ಲಿಸುತ್ತದೆ. ಅವರು ಬಂದೇ ಇರುತ್ತಾರೆ, ನಾವೇ ಉಪಚಾರ ಮಾಡಿ ಹಿಂದಕ್ಕೆ ಕಳಿಸಿರುತ್ತೇವೆ. ಕ್ರೌರ್ಯದ ಮನೆಯೊಳಗೆ ಒಂದೊಂದು ಸಂಜೆಯನ್ನೂ ದಾಟಲು ಬೇಕಾದ ಎಚ್ಚರ, ಬುದ್ಧಿ, ಸಹನೆ ನಮ್ಮಲ್ಲಿ ಎಷ್ಟು ಜನಕ್ಕಿದೆಯೋ ನಾನರಿಯೆ. ಧೈರ್ಯ ಅವರಲ್ಲಿ ಮೊದಲೇ ಇರುತ್ತದೆ. ಅವರು ಒಲ್ಲೆ ಎಂದದ್ದನ್ನು ಮೊದಲ ಸಲಕ್ಕೇ ಕೇಳಿಸಿಕೊಳ್ಳುವವರು ಮನೆಯಲ್ಲಿ ಒಬ್ಬರಿದ್ದರೆ ಸಾಕು.